ಭೂಕಂಪಕ್ಕಿಂತ ವೇಗವಾಗಿ ಓಡುವ ಸುದ್ದಿ

ಕಲಬುರಗಿ ಕಡೆ ನೆಲ ಸ್ವಲ್ಪ ಅದುರಿದರೆ ಸಾಕು, ವಾಟ್ಸಾಪ್‌ನಲ್ಲಿ ಸಂದೇಶಗಳು ಶುರುವಾಗುತ್ತವೆ. ‘ಇಂದು ರಾತ್ರಿ 2 ಗಂಟೆಗೆ ದೊಡ್ಡ ಭೂಕಂಪ, ನಾಸಾ ಹೇಳಿದೆ, ಎಲ್ಲರಿಗೂ ಕಳಿಸಿ.’ ಇಂಥದ್ದನ್ನು ನಂಬಿ ಚಿಕ್ಕ ಮಕ್ಕಳನ್ನು ಚಳಿಯಲ್ಲಿ ಹೊರಗೆ ಮಲಗಿಸಿದರೆ ಹೇಗೆ? ನೆನೆದರೇ ಸಂಕಟವಾಗುತ್ತದೆ. ಭೂಕಂಪ ಯಾವ ದಿನ, ಯಾವ ಗಂಟೆಗೆ ಎಂದು ಮುಂಚೆಯೇ ಹೇಳುವ ವಿದ್ಯೆ ನಾಸಾ ಬಳಿ ಇಲ್ಲ, ಜ್ಯೋತಿಷಿಗಳ ಬಳಿಯೂ ಇಲ್ಲ. ಯಾರ ಬಳಿಯೂ ಇಲ್ಲ.

ಆದರೆ ಆಗಲೇ ಶುರುವಾದ ಭೂಕಂಪದ ಸುದ್ದಿಯನ್ನು, ಅದು ಬಂದು ಮುಟ್ಟುವ ಮುಂಚೆ ನಮಗೆ ಮುಟ್ಟಿಸಬಹುದು. ಇದು ಭವಿಷ್ಯವಲ್ಲ, ಓಟದ ಲೆಕ್ಕ. ನೆಲದೊಳಗೆ ಮೊದಲು ಓಡಿ ಬರುವುದು ಪಿ ಅಲೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಅದು ಅಷ್ಟಾಗಿ ಹಾನಿ ಮಾಡುವುದಿಲ್ಲ. ಹಿಂದೆ ಬರುವ ಎಸ್ ಅಲೆಯ ವೇಗ ಸುಮಾರು 3.5 ಕಿಲೋಮೀಟರ್. ಗೋಡೆಗಳು ಬೀಳುವುದು ಇದು ಬಂದ ಮೇಲೆ. ಇಂಟರ್ನೆಟ್ ಸುದ್ದಿ ಹೊತ್ತೊಯ್ಯುವ ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಯಾರು ಮೊದಲು ಮುಟ್ಟುತ್ತಾರೆ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಇದನ್ನು ಕಂಡುಕೊಂಡವರು ನಮ್ಮ ಕಾಲದವರಲ್ಲ. 1868ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಭೂಕಂಪವಾಯಿತು. ಮರು ತಿಂಗಳೇ ಡಾ. ಕೂಪರ್ ಎಂಬುವರು ಅಲ್ಲಿನ ಪತ್ರಿಕೆಯಲ್ಲಿ ಒಂದು ಸಲಹೆ ಕೊಟ್ಟರು. ನಗರದಿಂದ ದೂರದಲ್ಲಿ ಕಂಪನ ಗುರುತಿಸುವ ಸಾಧನ ಇಡಿ, ಅಲ್ಲಿಂದ ಟೆಲಿಗ್ರಾಫ್ ತಂತಿ ಎಳೆಯಿರಿ, ನಗರದ ನಡುವಿನ ಗಂಟೆ ತಾನಾಗಿ ಬಾರಿಸಲಿ. ಆಗ ಅದನ್ನು ಯಾರೂ ಕಟ್ಟಲಿಲ್ಲ.

ಇವತ್ತು ಆ ಸಾಧನ ಹೆಚ್ಚುಕಡಿಮೆ ಎಲ್ಲರ ಜೇಬಿನಲ್ಲೂ ಇದೆ. ಫೋನನ್ನು ಅಡ್ಡ ಹಿಡಿದರೆ ಪರದೆ ತಾನೂ ತಿರುಗುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ ಆಕ್ಸಿಲರೋಮೀಟರ್. ಸಿಲಿಕಾನ್‌ನ ಪುಟ್ಟ ತುಣುಕೊಂದು ಸ್ಪ್ರಿಂಗ್‌ನಂತೆ ಬಾಗುವ ಎಳೆಗಳ ಮೇಲೆ ತೂಗುತ್ತಿರುತ್ತದೆ. ಫೋನ್ ಅಲುಗಿದರೆ ಅದು ಚೂರು ಸರಿಯುತ್ತದೆ. ಎಷ್ಟು ಸರಿಯಿತು ಎಂಬುದನ್ನು ಫೋನ್ ಅಳೆಯುತ್ತದೆ. ಇದನ್ನೇ ನೆಚ್ಚಿಕೊಂಡು ಗೂಗಲ್ 2020ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಭೂಕಂಪ ಎಚ್ಚರಿಕೆ ವ್ಯವಸ್ಥೆ ಶುರು ಮಾಡಿತು. 2023ರಲ್ಲಿ ಅದು ಭಾರತಕ್ಕೂ ಬಂತು.

‘ಕ್ಲೌಡ್ ಕಾಲ ಮುಗಿಯಿತು, ಇನ್ನೇನಿದ್ದರೂ ಎಡ್ಜ್ ಕಂಪ್ಯೂಟಿಂಗ್’ ಎಂದು ಬರೆಯುವವರಿಗೆ ನಾನು ತೋರಿಸಲು ಬಯಸುವುದು ಈ ವ್ಯವಸ್ಥೆಯನ್ನೇ. ಮಾಹಿತಿ ಹುಟ್ಟುವ ಜಾಗದಲ್ಲೇ, ಅಂದರೆ ಜಾಲದ ಅಂಚಿನಲ್ಲೇ ಲೆಕ್ಕ ಮಾಡುವುದು ಎಡ್ಜ್. ದೂರದ ಸರ್ವರ್‌ಗಳಿಗೆ ಕಳಿಸಿ ಲೆಕ್ಕ ಮಾಡಿಸುವುದು ಕ್ಲೌಡ್. ಇಲ್ಲಿ ಎರಡರಲ್ಲಿ ಒಂದನ್ನು ತೆಗೆದರೂ ಕೆಲಸ ನಿಂತುಹೋಗುತ್ತದೆ.

ಮೊದಲು ಎಡ್ಜ್ ತೆಗೆದು ನೋಡೋಣ. ಒಂದು ಫೋನ್ ಸೆಕೆಂಡಿಗೆ 50 ಸಲ, ಮೂರು ದಿಕ್ಕಿನ ಅಲುಗಾಟ ಅಳೆಯುತ್ತದೆ ಎಂದುಕೊಳ್ಳಿ. 150 ಅಂಕಿ ಆಯಿತು. 1 ಕೋಟಿ ಫೋನುಗಳಿದ್ದರೆ ಪ್ರತಿ ಸೆಕೆಂಡಿಗೆ 150 ಕೋಟಿ ಅಂಕಿ. ಹಗಲು ರಾತ್ರಿ ಇಷ್ಟನ್ನೂ ಸರ್ವರ್‌ಗೆ ಸುರಿಯುತ್ತಾ ಇದ್ದರೆ ಅದರಲ್ಲಿ ಇರುವ ಸುದ್ದಿ ಒಂದೇ: ‘ಏನೂ ಆಗಿಲ್ಲ.’ ಬ್ಯಾಟರಿ, ಡೇಟಾ ಎರಡೂ ಖಾಲಿ. ಎಡ್ಜ್ ಎಂದರೆ ವೇಗ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ನನಗೆ ಅದರ ದೊಡ್ಡ ಗುಣವಾಗಿ ಕಾಣುವುದು ಬೇರೆ. ಹೇಳುವಂಥದ್ದು ಇಲ್ಲದಾಗ ಅದು ಸುಮ್ನಿರುತ್ತದೆ.

ಸುಮ್ನಿರಲು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಭೂಕಂಪ ಅಳೆಯುವವರು ದಶಕಗಳಿಂದ ಬಳಸುವ ಒಂದು ಸೊಗಸಾದ ಉಪಾಯವಿದೆ. ಕಳೆದ ಒಂದು ಸೆಕೆಂಡಿನ ಅಲುಗಾಟದ ಸರಾಸರಿ ತೆಗೆದುಕೊಳ್ಳಿ. ಕಳೆದ ಅರ್ಧ ನಿಮಿಷದ ಸರಾಸರಿಯನ್ನೂ ತೆಗೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 1ರ ಆಸುಪಾಸು ಇದ್ದರೆ ಎಲ್ಲ ಮಾಮೂಲು. ತಟ್ಟನೆ ನಾಲ್ಕೋ ಐದೋ ಆದರೆ ಏನೋ ನಡೆದಿದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರನ್ನು ನೋಡಿ. ಗಿರಣಿ ಸದ್ದು ಅವರಿಗೆ ಕೇಳಿಸುವುದೇ ಇಲ್ಲ, ಬೆಲ್ಟ್ ತುಂಡಾದರೆ ಮಾತ್ರ ಓಡಿ ಬರುತ್ತಾರೆ. ಬಾಣಂತಿ ಮದುವೆ ಮನೆ ಗಲಾಟೆಯಲ್ಲೂ ನಿದ್ದೆ ಮಾಡುತ್ತಾಳೆ, ಕೂಸು ಚೂರು ಮುಲುಕಿದರೆ ಎದ್ದು ಕೂರುತ್ತಾಳೆ. ಸದ್ದು ಎಷ್ಟು ಎಂಬುದಲ್ಲ, ಮಾಮೂಲಿಗಿಂತ ಎಷ್ಟು ಬೇರೆ ಎಂಬುದೇ ಇಲ್ಲಿ ಮುಖ್ಯ. ಒಂದು ಭಾಗಾಕಾರ, ಅಷ್ಟೇ. ಇದಕ್ಕೆ ಕ್ಲೌಡ್ ಯಾಕೆ ಬೇಕು?

ಆದರೆ ಫೋನ್ ಒಂಟಿಯಾಗಿದ್ದರೆ ಪೆದ್ದು. ಮೇಜಿನ ಮೇಲೆ ಯಾರೋ ಪಾತ್ರೆ ಕುಕ್ಕಿದರೂ, ಮನೆ ಮುಂದೆ ಲಾರಿ ಹೋದರೂ ಉತ್ತರ ಜಿಗಿಯುತ್ತದೆ. ಕ್ಲೌಡ್ ಬೇಕಾಗುವುದು ಇಲ್ಲಿ.

ರಾತ್ರಿ ಮಲಗಿದ್ದಾಗ ಬೀದಿಯಲ್ಲಿ ಒಂದು ನಾಯಿ ಬೊಗಳಿದರೆ ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ಆದರೆ ದೇವಸ್ಥಾನದ ಕಡೆಯ ನಾಯಿ ಬೊಗಳಿ, ಆಮೇಲೆ ಹಾಲಿನ ಡೈರಿ ಮುಂದಿನದು, ಆಮೇಲೆ ನಮ್ಮ ಪಕ್ಕದ ಮನೆಯದು ಬೊಗಳಿದರೆ? ಯಾರೋ ಬರುತ್ತಿದ್ದಾರೆ. ಯಾವ ಕಡೆಯಿಂದ, ಎಷ್ಟು ಬಿರುಸಾಗಿ ಎಂಬುದೂ ಹಾಸಿಗೆಯಲ್ಲೇ ಗೊತ್ತಾಗುತ್ತದೆ. ಯಾವ ನಾಯಿಗೂ ಇದು ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಂಡವರಿಗೆ ಮಾತ್ರ ಗೊತ್ತು. ಚಾರ್ಜಿಗೆ ಹಾಕಿ ಅಲುಗಾಡದಂತೆ ಇಟ್ಟ ಫೋನ್ ‘ಇಲ್ಲಿ ಅದುರಿತು’ ಎಂದು ಸರ್ವರ್‌ಗೆ ಹೇಳುತ್ತದೆ, ಜೊತೆಗೆ ತಾನಿರುವ ಜಾಗವನ್ನು ಅಂದಾಜಾಗಿ ಕೊಡುತ್ತದೆ. ಸಾವಿರಾರು ಫೋನುಗಳ ಇಂಥ ಕೂಗು ಅಲೆಯ ವೇಗದಲ್ಲೇ ಹರಡುತ್ತಾ ಹೋದರೆ ಸರ್ವರ್ ಅದನ್ನು ಭೂಕಂಪ ಎಂದು ನಂಬುತ್ತದೆ. ಕೇಂದ್ರ ಎಲ್ಲಿ, ತೀವ್ರತೆ ಎಷ್ಟು ಎಂದು ಲೆಕ್ಕ ಹಾಕಿ ಮುಂದಿನ ಊರುಗಳಿಗೆ ಎಚ್ಚರಿಕೆ ಕಳಿಸುತ್ತದೆ.

ಜಪಾನಿನ ಬುಲೆಟ್ ರೈಲುಗಳಲ್ಲಿ ಕೆಲಸದ ಹಂಚಿಕೆ ಬೇರೆ ರೀತಿ. ಅಲ್ಲಿ ಕರಾವಳಿಯಲ್ಲೂ ಹಳಿಯುದ್ದಕ್ಕೂ ಕಂಪನ ಮಾಪಕಗಳಿವೆ. ಅವಕ್ಕೆ ಅಪಾಯದ ಸುಳಿವು ಸಿಕ್ಕರೆ ಸಾಕು, ರೈಲಿಗೆ ಬರುವ ವಿದ್ಯುತ್ ಕಡಿತವಾಗಿ ಬ್ರೇಕ್ ಬೀಳುತ್ತದೆ. 2011ರ ಮಾರ್ಚ್ 11ರ ಮಹಾ ಭೂಕಂಪದಲ್ಲಿ ಪ್ರಯಾಣಿಕರಿದ್ದ ಒಂದು ಬುಲೆಟ್ ರೈಲೂ ಹಳಿ ತಪ್ಪಲಿಲ್ಲ. ಅಲ್ಲಿ ತಪ್ಪಾಗಿ ಬ್ರೇಕ್ ಬಿದ್ದರೆ ರೈಲು ಸ್ವಲ್ಪ ತಡವಾಗುತ್ತದೆ, ಅಷ್ಟೇ. ಹಾಗಾಗಿ ಅಂಚಿಗೇ ಅಧಿಕಾರ ಕೊಡಬಹುದು. ಕೋಟಿ ಜನರನ್ನು ನಡುರಾತ್ರಿ ಸುಮ್ನೆ ಎಬ್ಬಿಸಿದರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ಅದಕ್ಕೇ ಫೋನಿನ ವಿಷಯದಲ್ಲಿ ಕೊನೆಯ ಮಾತು ಕ್ಲೌಡ್‌ನದು.

ಕ್ಲೌಡ್ ಕೂಡ ತಪ್ಪುತ್ತದೆ. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಗೂಗಲ್‌ನ ಈ ವ್ಯವಸ್ಥೆ ಅದನ್ನು 4.5ರಿಂದ 4.9 ಎಂದು ಅಂದಾಜಿಸಿತು. ಜೋರಾಗಿ ಕೂಗುವ ಎಚ್ಚರಿಕೆ ಹೋಗಿದ್ದು ಬರೀ 469. ಆಮೇಲೆ ಲೆಕ್ಕದ ಸೂತ್ರ ತಿದ್ದಿ, ಅದೇ ದಿನದ ದಾಖಲೆಯನ್ನು ಮತ್ತೆ ಹಾಯಿಸಿ ನೋಡಿದರು. ಈ ಸಲ ಆ ಎಚ್ಚರಿಕೆ ಸುಮಾರು 1 ಕೋಟಿ ಫೋನುಗಳಿಗೆ ಹೋಗುವಂತಿತ್ತು. ಓದುವಾಗ ಹೊಟ್ಟೆ ಕಿವುಚಿದಂತಾಗುತ್ತದೆ. ಆದರೂ ತಪ್ಪು ಎಲ್ಲಾಯಿತು ಎಂದು ಹುಡುಕಿ ತಿದ್ದಲು ಸಾಧ್ಯವಾಗಿದ್ದು ಫೋನುಗಳು ಕಳಿಸಿದ್ದೆಲ್ಲ ಒಂದು ಕಡೆ ಉಳಿದಿದ್ದರಿಂದ.

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಸುಮಾರು 10 ಸಾವಿರ ಜನ ಸತ್ತರು. ಅಲ್ಲಿಂದ ಬೀದರ್ ಸುಮಾರು 100 ಕಿಲೋಮೀಟರ್. ಎಸ್ ಅಲೆಗೆ ಹೆಚ್ಚುಕಡಿಮೆ 28 ಸೆಕೆಂಡಿನ ದಾರಿ. ಗುರುತಿಸಿ ಹೇಳಲು ಎಂಟು ಸೆಕೆಂಡ್ ಹೋದರೂ ಇನ್ನೂ 20 ಉಳಿಯುತ್ತದೆ. ಮಗುವನ್ನು ಎತ್ತಿಕೊಂಡು ಗಟ್ಟಿ ಮಂಚದ ಕೆಳಗೆ ನುಗ್ಗಲು ಸಾಕು. ಆದರೆ ಕಿಲ್ಲಾರಿಗೆ? ಭೂಕಂಪದ ಕೇಂದ್ರದ ಮೇಲೇ ಇರುವವರಿಗೆ ಯಾವ ಎಚ್ಚರಿಕೆಯೂ ಮೊದಲು ಮುಟ್ಟುವುದಿಲ್ಲ. ಅವರ ಫೋನುಗಳು ಬೀದರಿಗೆ ಹೇಳುತ್ತವೆ. ಅವರನ್ನು ಉಳಿಸಬೇಕಾದ್ದು ಮನೆಯ ಗೋಡೆ. ಕಿಲ್ಲಾರಿಯಲ್ಲಿ ಆ ಗೋಡೆಗಳು ಮಣ್ಣಿನ ಗಾರೆಯಲ್ಲಿ ಪೇರಿಸಿದ ಕಲ್ಲಿನವು, ಮೇಲೆ ಭಾರದ ಮಣ್ಣಿನ ಮಾಳಿಗೆ.

ಉಳಿದ ನಾವೆಲ್ಲ ಇವತ್ತು ರಾತ್ರಿ ಫೋನ್ ಚಾರ್ಜಿಗೆ ಹಾಕುವ ಮುಂಚೆ ಸೆಟ್ಟಿಂಗ್ಸ್ ತೆರೆದು, ಸುರಕ್ಷತೆ ಮತ್ತು ತುರ್ತು ವಿಭಾಗದಲ್ಲಿ ಭೂಕಂಪದ ಎಚ್ಚರಿಕೆ ಆನ್ ಆಗಿದೆಯೇ ಎಂದು ಒಮ್ಮೆ ನೋಡಬಹುದು. ಆಮೇಲೆ ಫೋನನ್ನು ದಿಂಬಿನ ಕೆಳಗೆ ಇಡಬೇಡಿ. ಮೇಜಿನ ಮೇಲೆ ಅಲುಗಾಡದಂತೆ ಇಡಿ. ಅದು ಕಾವಲು ಕಾಯುವುದು ಹಾಗಿದ್ದಾಗಲೇ.