ಪೋಕ್ಸೊ 19 ಮತ್ತು 21: ಹೆಡ್ಮಾಷ್ಟ್ರಿಗೆ ಹೇಳಿದರೆ ಮುಗಿಯಿತಾ?

ಬಿ.ಎಡ್. ಸೆಮಿನಾರ್‌ನಲ್ಲಿ ನನಗೆ ಬಂದ ವಿಷಯ 'ಮಕ್ಕಳ ಸುರಕ್ಷತೆ ಮತ್ತು ಮುಖ್ಯೋಪಾಧ್ಯಾಯರ ಹೊಣೆ'. ಮೊನ್ನೆ ಮಂಡಿಸುವಾಗ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಬಂದಲ್ಲಿ ನಡುವಿನಲ್ಲೇ ಸಿಕ್ಕಿಬಿದ್ದೆ. ಎಲ್ಲಿ ತಪ್ಪಿತು ಅಂತ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾಳೆ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಹೋಗುವವರಿಗೆ ಉಪಯೋಗವಾದೀತು.

ಮಾಡು, ಮರ, ಹಾವು

ಇದು ಸುಲಭದ ಭಾಗ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಕಟ್ಟಡಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಆದರೆ ಗೋಡೆ, ಮಾಡು (ಛಾವಣಿ) ಮಾತ್ರ ನೋಡಿದರೆ ಸಾಲದು. 2023ರ ಜುಲೈಯಲ್ಲಿ ನಮ್ಮ ಅಂಗಡಿಮೊಗರಿನಲ್ಲಿ ಮಕ್ಕಳು ಶಾಲೆ ಬಿಟ್ಟು ಹೊರಡುವಾಗ ಮರ ಬಿದ್ದು ಒಬ್ಬಳು ಹುಡುಗಿ ತೀರಿಕೊಂಡಳು. 2019ರ ನವೆಂಬರ್‌ನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಕ್ಲಾಸಿನ ನೆಲದ ತೂತಿನಲ್ಲಿದ್ದ ಹಾವು ಕಚ್ಚಿ ಇನ್ನೊಂದು ಮಗು ಹೋಯಿತು. ಆಸ್ಪತ್ರೆಗೆ ಕೊಂಡುಹೋಗಲು ತಡ ಮಾಡಿದರು ಅನ್ನುವುದೇ ಅಲ್ಲಿ ದೊಡ್ಡ ದೂರಾಗಿತ್ತು. ಹಾವಿನ ಸಂಶಯ ಬಂದರೆ 'ಮನೆಯವರು ಬರಲಿ' ಅಂತ ಕಾಯುವ ಹಾಗಿಲ್ಲ.

ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಇದು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ನಾನು ಮುಗ್ಗರಿಸಿದ ಜಾಗ

ಪೋಕ್ಸೊ ಕಾಯ್ದೆ 2012ರದ್ದು. 18 ತುಂಬದ ಎಲ್ಲರೂ ಇದರಲ್ಲಿ ಮಕ್ಕಳೇ. ಪ್ಲಸ್ ಟು ಹುಡುಗನೂ ಸೇರಿದ. ಇಷ್ಟು ಸರಿಯಾಗಿ ಹೇಳಿದೆ. ಆಮೇಲೆ ಒಂದು ಚಾರ್ಟ್ ತೋರಿಸಿದೆ. ಮಗು ಕ್ಲಾಸ್ ಟೀಚರಿಗೆ ಹೇಳುತ್ತದೆ, ಅವರು ಹೆಡ್ಮಾಷ್ಟ್ರಿಗೆ, ಹೆಡ್ಮಾಷ್ಟ್ರು ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ, ಅಲ್ಲಿಂದ ಪೊಲೀಸರಿಗೆ. ಬಾಣದ ಗುರುತಿಗೆ ಕೆಂಪು ಸ್ಕೆಚ್ ಪೆನ್ ಬೇರೆ.

ಟೀಚರ್ ಕೇಳಿದರು, "ಈ ಬಾಣಗಳು ಕಾಯ್ದೆಯಲ್ಲಿ ಎಲ್ಲಿ ಉಂಟು?"

ಎಲ್ಲಿಯೂ ಇಲ್ಲ. ಸೆಕ್ಷನ್ 19(1) ಹೇಳುವುದು 'ಯಾವುದೇ ವ್ಯಕ್ತಿ' ಅಂತ. ಅಪರಾಧ ನಡೆದದ್ದು ಗೊತ್ತಾದರೆ, ಅಥವಾ ನಡೆಯಬಹುದು ಎಂಬ ಅಂಜಿಕೆ ಇದ್ದರೆ, ಆ ವ್ಯಕ್ತಿ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ನಡುವೆ ಬೇರೆ ಯಾವ ಆಫೀಸೂ ಇಲ್ಲ. ಕ್ಲಾಸ್ ಟೀಚರ್ ಹೆಡ್ಮಾಷ್ಟ್ರ ಕಿವಿಗೆ ಹಾಕಿದ ಮಾತ್ರಕ್ಕೆ ಆಕೆಯ ಹೊಣೆ ಇಳಿಯುವುದಿಲ್ಲ. ಹೆಡ್ಮಾಷ್ಟ್ರು ಇಲಾಖೆಗೆ ಕಾಗದ ಬರೆದ ಮಾತ್ರಕ್ಕೆ ಅವರದ್ದೂ ಇಳಿಯುವುದಿಲ್ಲ. ಇಲಾಖೆಗೆ ಬರೆಯಬೇಡಿ ಅಂತಲ್ಲ, ಅದು ಇದರ ಬದಲಿಗೆ ಆಗುವುದಿಲ್ಲ ಅಷ್ಟೆ. ಇದು ನನ್ನ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಶಾಲೆಯಲ್ಲಿ ಒಂದು ರಜೆ ಕೂಡ ಮೇಲಿನವರ ಮೂಲಕವೇ ಹೋಗುತ್ತದೆ, ಹಾಗಾಗಿ ಇದೂ ಹಾಗೇ ಅಂದುಕೊಂಡಿದ್ದೆ.

ಈಗ 21. ಇಲ್ಲಿ 'ಅಥವಾ', 'ಮತ್ತು' ಎಂಬ ಎರಡು ಸಣ್ಣ ಪದಗಳನ್ನು ಬಿಡಿಸಿ ಓದಬೇಕು. 21(1): ತಿಳಿಸದೆ ಸುಮ್ಮನಿದ್ದ ಯಾರಿಗಾದರೂ 6 ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. 21(2): ಸಂಸ್ಥೆಯ ಉಸ್ತುವಾರಿಯಲ್ಲಿರುವವರು ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ತಿಳಿಸದಿದ್ದರೆ 1 ವರ್ಷದವರೆಗೆ ಸೆರೆ, ಮತ್ತು ದಂಡ. ಅಂದರೆ ಆರೋಪ ಬಂದದ್ದು ಊರಿನ ಯಾರದೋ ಮೇಲಾದರೆ ಹೆಡ್ಮಾಷ್ಟ್ರೂ 21(1)ರಲ್ಲೇ. ಆರೋಪ ಸ್ಟಾಫ್ ರೂಮಿನವರ ಮೇಲೆ ಬಂದರೆ 21(2). 'ಶಾಲೆಯ ಮಾನ' ಅಂತ ಮುಚ್ಚಿಡುವ ಆಸೆ ಎಲ್ಲಿ ಜಾಸ್ತಿಯೋ ಅಲ್ಲೇ ಶಿಕ್ಷೆಯೂ ಜಾಸ್ತಿ. ನಾನು ಎರಡನ್ನೂ ಒಟ್ಟು ಮಾಡಿ 'ಹೆಡ್ಮಾಷ್ಟ್ರಿಗೆ ಯಾವಾಗಲೂ ಒಂದು ವರ್ಷ' ಅಂದುಬಿಟ್ಟಿದ್ದೆ.

'ಮೊದಲು ನಾವೇ ವಿಚಾರಿಸಿ ನೋಡೋಣ, ಸುಳ್ಳಾದರೆ?' ಎಂಬ ಪ್ರಶ್ನೆ ಕ್ಲಾಸಿನಲ್ಲೂ ಬಂತು. ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಕೆಲಸ ಶಾಲೆಯದ್ದಲ್ಲ. ಸದುದ್ದೇಶದಿಂದ ತಿಳಿಸಿದವರಿಗೆ 19(7)ರ ರಕ್ಷಣೆ ಉಂಟು. ಹೆಡ್ಮಾಷ್ಟ್ರು, ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಅಧ್ಯಕ್ಷರು, ಮ್ಯಾನೇಜರು ಒಬ್ಬೊಬ್ಬರಾಗಿ ಕೇಳಿದರೆ ಮಗು ಅದನ್ನೇ ಮೂರು ಸಲ ಹೇಳಬೇಕಲ್ವಾ? ಸುಮ್ಮನಿದ್ದರೆ ಏನಾಗುತ್ತದೆ ಅಂತ ಬೇಕಾದರೆ, ಮಹಾರಾಷ್ಟ್ರದ ಚಂದ್ರಾಪುರದ ಶಾಲಾ ಹಾಸ್ಟೆಲಿನ ಪ್ರಕರಣ ನೋಡಿ. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಅಲ್ಲಿನ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ಒಬ್ಬ ಡಾಕ್ಟರರ ವಿಷಯದಲ್ಲಿ ಹೇಳಿತು.

ಸೆಕ್ಷನ್ ನಂಬರ್ ನೆನಪಿಡಲು ನನ್ನದೊಂದು ಉಪಾಯ, ಎಲ್ಲಾ 'ಬ'. 19 ಬಾಯಿ, 21 ಬೀಗ, 23 ಬಯಲು, 24 ಬಟ್ಟೆ. ಬಾಯಿ ಬಿಡು, ಬಿಡದಿದ್ದರೆ ಬೀಗದೊಳಗೆ, ಮಗುವಿನ ಗುರುತು ಬಯಲು ಮಾಡಬೇಡ, ಹೇಳಿಕೆ ಪಡೆಯಲು ಬರುವ ಪೊಲೀಸರು ಯೂನಿಫಾರ್ಮ್ ಬಟ್ಟೆ ಹಾಕಿರಬಾರದು. 23ರಲ್ಲಿ ಹೆಸರು, ಫೋಟೊ ಮಾತ್ರ ಅಲ್ಲ, ಶಾಲೆ, ನೆರೆಕರೆಯ ವಿವರವೂ ಸೇರುತ್ತದೆ. ಪಿ.ಟಿ.ಎ. ವಾಟ್ಸಾಪ್ ಗ್ರೂಪಿನಲ್ಲಿ 'ನಮ್ಮ ಐದನೇ ಕ್ಲಾಸಿನ...' ಅಂತ ಶುರು ಮಾಡುವವರನ್ನು ಹೆಡ್ಮಾಷ್ಟ್ರು ಅಲ್ಲೇ ತಡೆಯಬೇಕು.

ಭಾಷೆ

19(4) ನಮ್ಮ ಊರಿಗಾಗಿಯೇ ಬರೆದ ಹಾಗಿದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದಾಖಲು ಮಾಡುತ್ತಿದ್ದರೆ ಅನುವಾದಕರನ್ನು ಕೊಡಬೇಕು.

ಟೀಚಿಂಗ್ ಪ್ರಾಕ್ಟೀಸಿನಲ್ಲಿದ್ದಾಗ ಮೂರನೇ ಕ್ಲಾಸಿನ ಒಬ್ಬಳು ಬೆಳಗ್ಗಿನಿಂದ ಅಳುತ್ತಿದ್ದಳು. ಮನೆಮಾತು ತುಳು, ಓದುವುದು ಕನ್ನಡ. ಅಂದು ಬಂದಿದ್ದ ಕೌನ್ಸಿಲರ್‌ಗೆ ಮಲಯಾಳ ಮಾತ್ರ ಬರುತ್ತಿತ್ತು. "ಆರೆಂಗಿಲುಂ ಅಡಿಚ್ಚೋ?" (ಯಾರಾದರೂ ಹೊಡೆದರಾ?) ಅಂದರು. ಹುಡುಗಿ ಹೌದು ಅಂತ ತಲೆಯಾಡಿಸಿದಳು. ಟೀಚರಾ? ತಲೆಯಾಡಿಸಿದಳು. ಮನೆಯಲ್ಲಾ? ಅದಕ್ಕೂ. ಕೊನೆಗೆ ಅಡುಗೆಯ ಅಕ್ಕ ಬಂದು ಪಕ್ಕದಲ್ಲಿ ಕೂತು "ದಾದ ಆಂಡ್ ಮಗಾ?" (ಏನಾಯಿತು ಮಗಾ?) ಅಂತ ತುಳುವಿನಲ್ಲಿ ಕೇಳಿದರು. ಹೊಸ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟಿದ್ದಳು, ಮನೆಯಲ್ಲಿ ಬೈಯುತ್ತಾರೆ ಅಂತ ಹೆದರಿಕೆ. ಆ ತಲೆಯಾಡಿಕೆಯನ್ನೇ ಯಾರಾದರೂ ಬರೆದುಕೊಂಡಿದ್ದರೆ? ಇದರ ತಿರುಗಾಮುರುಗ ಆಗುವುದೂ ಅಷ್ಟೇ ಸುಲಭ, ನಿಜವಾಗಿ ಪೆಟ್ಟು ತಿಂದ ಮಗು 'ಇಲ್ಲ' ಅಂತ ತಲೆ ಅಲ್ಲಾಡಿಸಿ ಹೋಗಬಹುದು. ಪೊಲೀಸರ ಮುಂದೆ ಅಡುಗೆಯ ಅಕ್ಕನೇ ಅನುವಾದಕಿ ಆಗಲಿಕ್ಕಾಗದು, ಅದಕ್ಕೆ ಅರ್ಹತೆ ಬೇಕು. ಆದರೆ ತಿಳಿಸುವಾಗಲೇ 'ಮಗುವಿಗೆ ತುಳು ಮಾತ್ರ ಸರಿಯಾಗಿ ಬರುತ್ತದೆ' ಅಂತ ಹೆಡ್ಮಾಷ್ಟ್ರು ಬರೆದುಕೊಡಬಹುದಲ್ವಾ. ಬ್ಯಾರಿ, ಕೊಂಕಣಿ, ಮರಾಟಿ ಮಕ್ಕಳಿಗೂ ಹಾಗೇ.

ಶಾಲೆಯ ಗೋಡೆಯಲ್ಲಿ ಎರಡು ನಂಬರ್ ಇರಲಿ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮಕ್ಕಳ ಕಣ್ಣಿನ ಎತ್ತರದಲ್ಲಿ, ಆಫೀಸಿನ ಒಳಗಲ್ಲ.

ನನ್ನ ಚಾರ್ಟಿನಲ್ಲಿ ಈಗ ಒಂದೇ ಬಾಣ. ಸೋಮವಾರ ಪುನಃ ತೋರಿಸಬೇಕಂತೆ.