ಓದುಗರ ಪ್ರಶ್ನೆ: ಶಾಸನದಲ್ಲಿ ‘ನಿಧಿ ನಿಕ್ಷೇಪ’ ಅಂತ ಬರೆದಿದೆ, ಕೆಳಗೆ ಹೊನ್ನಿದೆಯೇ?

ಪ್ರಶ್ನೆ: ಮೇಷ್ಟ್ರೇ, ನಮ್ಮ ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲೊಂದಿದೆ. ಮೇಲುಗಡೆ ಸೂರ್ಯ, ಚಂದ್ರ, ಹಸು-ಕರು ಇವೆ. ಪಕ್ಕದೂರಿನವರೊಬ್ಬರು ಬಂದು ನೋಡಿ, ಇದರಲ್ಲಿ ‘ನಿಧಿ ನಿಕ್ಷೇಪ’ ಅಂತ ಸ್ಪಷ್ಟವಾಗಿ ಬರೆದಿದೆ, ಅಗೆದರೆ ಹೊನ್ನು ಸಿಗುತ್ತದೆ ಅಂದರು. ಪುರಾತತ್ವ ಇಲಾಖೆಗೆ ತಿಳಿಸಿದರೆ ಹೊಲವೇ ಹೋಗುತ್ತದೆ ಅಂತಲೂ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ಹೊನ್ನಿಲ್ಲ. ಹೊಲವೂ ಹೋಗುವುದಿಲ್ಲ. ಕಲ್ಲನ್ನು ಇದ್ದಲ್ಲೇ ಇರಗೊಡಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಊರು, ತಾಲ್ಲೂಕು ಮಾತ್ರ ಬದಲಾಗಿ ಇದೇ ಪ್ರಶ್ನೆ ನನಗೆ ವರ್ಷವಿಡೀ ಬರುತ್ತಲೇ ಇರುತ್ತದೆ. ಕೆಲವು ಸಲ ಪ್ರಶ್ನೆಯ ಜೊತೆಗೆ ಬಂದ ಫೋಟೊದಲ್ಲಿ ಕಲ್ಲಿನ ಬುಡದಲ್ಲಿ ಆಗಲೇ ಆಳುದ್ದದ ಗುಂಡಿ ಬಿದ್ದಿರುತ್ತದೆ, ಕಲ್ಲು ಎರಡು ಹೋಳಾಗಿ ಅಂಗಾತ ಮಲಗಿರುತ್ತದೆ. ಅಂಥ ಫೋಟೊ ನೋಡಿದ ದಿನ ಊಟ ಸೇರುವುದಿಲ್ಲ. ಅಗೆಯುವ ಮೊದಲು ಕೇಳಿದ್ದೀರಿ, ಆ ಒಂದು ಕಾರಣಕ್ಕೇ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಪಕ್ಕದೂರಿನವರು ಸುಳ್ಳು ಓದಿಲ್ಲ. ನೀವು ಕಳಿಸಿದ ಚಿತ್ರದಲ್ಲಿ ‘ನಿಧಿ ನಿಕ್ಷೇಪ’ ಎಂಬ ಅಕ್ಷರಗಳು ನನಗೂ ಕಾಣುತ್ತಿವೆ. ಓದು ಸರಿಯಾಗಿದೆ, ಅರ್ಥ ಕೆಟ್ಟಿದೆ. ಅವರು ಎರಡು ಪದ ಓದಿ ನಿಲ್ಲಿಸಿದರು. ಮುಂದಿನ ಆರು ಪದಗಳನ್ನೂ ಓದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ. ಆ ಸಾಲು ಪೂರ್ತಿ ಹೀಗಿರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವು ಎಂಟು. ಇದಕ್ಕೆ ಅಷ್ಟಭೋಗ ಎಂದು ಹೆಸರು. ವಿಜಯನಗರ ಕಾಲದ ದಾನಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ.

ಇದರ ಅರ್ಥವಿಷ್ಟೇ. ಒಬ್ಬರಿಗೆ ಭೂಮಿ ದಾನ ಕೊಟ್ಟಾಗ, ಆ ನೆಲದಲ್ಲಿ ಮುಂದೆಂದಾದರೂ ಹೂತಿಟ್ಟ ಹಣ ಸಿಕ್ಕರೆ ಅದು, ಯಾರಾದರೂ ಇರಿಸಿಹೋದ ಒಡವೆ ಸಿಕ್ಕರೆ ಅದು, ಅಲ್ಲಿನ ನೀರು, ಕಲ್ಲು, ಸವೆಯದೆ ಬರುವ ಆದಾಯ, ಮುಂದೆ ಬರಬಹುದಾದ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಇನ್ನು ಸಾಗುವಳಿ ಮಾಡಬಹುದಾದದ್ದು, ಎಲ್ಲದರ ಹಕ್ಕೂ ಪಡೆದವನದೇ ಎಂಬ ಬರವಣಿಗೆ. ನಾಳೆ ಯಾರೂ ತಕರಾರು ತೆಗೆಯದಿರಲಿ ಎಂದು ಬರೆಸಿದ್ದು. ‘ನಿಧಿ ಇದೆ’ ಎಂದು ಆ ಕಲ್ಲು ಎಲ್ಲೂ ಹೇಳುವುದಿಲ್ಲ. ‘ಇದ್ದರೆ ನಿನ್ನದು’ ಎಂದು ಹೇಳುತ್ತದೆ. ಇದೆ ಎಂಬುದಕ್ಕೂ ಇದ್ದರೆ ಎಂಬುದಕ್ಕೂ ನಡುವೆ ಎಷ್ಟು ವೀರಗಲ್ಲುಗಳು, ಎಷ್ಟು ಗುಡಿಗಳ ಗರ್ಭಗುಡಿಗಳು ಒಡೆದುಹೋಗಿವೆ!

ಇನ್ನೂ ನಂಬಿಕೆ ಬರದಿದ್ದರೆ ಮನೆಯ ಬೀರುವಿನಲ್ಲಿ ತಾತನ ಕಾಲದ ಕ್ರಯಪತ್ರ ಇದ್ದರೆ ತೆಗೆದು ಓದಿ. ಚೆಕ್ಕುಬಂದಿ ಹೇಳುವ ಆಸುಪಾಸಿನಲ್ಲಿ ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ ಎಂದು ಶುರುವಾಗಿ ‘ಅಷ್ಟಭೋಗ ತೇಜಸ್ವಾಮ್ಯ’ದವರೆಗೆ ಸಾಗುವ ಸಾಲು ಹಳೆಯ ಪತ್ರಗಳಲ್ಲಿ ಸಾಮಾನ್ಯ. ಪತ್ರ ಬರೆಯುವವರು ರೂಢಿಯಂತೆ ಬರೆದುಕೊಂಡು ಬಂದ ಮಾತು ಅದು. ಆ ಸಾಲು ಇದೆ ಎಂದು ನಿಮ್ಮ ತಾತ ಹಿತ್ತಲು ಅಗೆದರೇ? ಕಾಗದದ ಮೇಲಿದ್ದಾಗ ವಕೀಲರ ಭಾಷೆ ಎಂದು ಬಿಡುತ್ತೇವೆ. ಕಲ್ಲಿನ ಮೇಲೆ ಕಂಡ ಕೂಡಲೇ ಹಾರೆ ಹುಡುಕುತ್ತೇವೆ. ಎರಡೂ ಒಂದೇ ಭಾಷೆ.

ಇದೇ ಜಾತಿಯ ಇನ್ನೊಂದು ತಪ್ಪು ‘ಗದ್ಯಾಣ’ ಎಂಬ ಹಳೆಯ ಚಿನ್ನದ ನಾಣ್ಯದ್ದು. ಗದ್ಯಾಣ, ಪಣ, ಹೊನ್ನು ಎಂದು ಅಂಕಿಯ ಜೊತೆ ಕಂಡರೆ ಅಷ್ಟು ನಾಣ್ಯ ಹೂತಿದ್ದಾರೆ ಎನ್ನುತ್ತಾರೆ. ಅದು ತೆರಿಗೆಯ ಲೆಕ್ಕವೋ ನಂದಾದೀಪಕ್ಕೆ ಬಿಟ್ಟ ಹಣವೋ ಆಗಿರುತ್ತದೆ. ಖರ್ಚಾಗಿ ಶತಮಾನಗಳಾದವು.

ಇನ್ನು ಚಿತ್ರಗಳು. ಸೂರ್ಯ ಚಂದ್ರರನ್ನು ನೋಡಿ ‘ಹುಣ್ಣಿಮೆಯ ದಿನ ಅಗೆಯಬೇಕೆಂಬ ಗುರುತು’ ಎಂದು ಹೇಳುವವರನ್ನು ನಾನೇ ಕೇಳಿದ್ದೇನೆ. ಶಾಸನಗಳಲ್ಲಿ ‘ಆಚಂದ್ರಾರ್ಕ’ ಎಂಬ ಮಾತಿದೆ. ಸೂರ್ಯ ಚಂದ್ರರು ಇರುವವರೆಗೂ ಈ ದಾನ ನಡೆಯಲಿ ಎಂದು ಅರ್ಥ. ಓದಲು ಬಾರದವನಿಗೂ ತಿಳಿಯಲಿ ಎಂದು ಅದನ್ನೇ ಚಿತ್ರವಾಗಿ ಕೆತ್ತಿದರು. ಹಸು-ಕರುವೂ ದಾನದ ಕಲ್ಲಿನ ಗುರುತು. ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಬರಲಿ ಎಂದು ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದಿರುತ್ತದೆ. ಕೊಡೆ ಹಿಡಿದ ಕುಳ್ಳ ಮೂರ್ತಿ ಇದ್ದರೆ ಅದು ವಾಮನಮುದ್ರೆ, ವಿಷ್ಣುವಿನ ಗುಡಿಗೋ ಬ್ರಾಹ್ಮಣರಿಗೋ ಬಿಟ್ಟ ಭೂಮಿಯ ಎಲ್ಲೆಕಲ್ಲು. ಲಿಂಗಮುದ್ರೆ ಇದ್ದರೆ ಶಿವಾಲಯದ ಭೂಮಿ. ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ, ಇದ್ದರೆ ಜೈನ ಬಸದಿಯದು. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟು ಎತ್ತಿದ ಕೈ ನಿಧಿಯ ದಿಕ್ಕು ತೋರಿಸುತ್ತದೆ ಎಂದು ಹೇಳುವವರೂ ಇದ್ದಾರೆ. ಗಂಡನ ಚಿತೆ ಏರಿದ ಹೆಣ್ಣಿನ ಕೈ ಅದು. ಅದರ ಮುಂದೆ ನಿಂತು ಹಾರೆ ಎತ್ತಲು ಮನಸ್ಸಾದರೂ ಹೇಗೆ ಬರುತ್ತದೆ?

ಸ್ವಲ್ಪ ಯೋಚನೆ ಮಾಡಿ. ಹಣ ಹೂಳುವವನು ಗುಟ್ಟಾಗಿ ಹೂಳುತ್ತಾನೆ. ಶಾಸನ ನಿಲ್ಲಿಸುವವನಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ: ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಎಲ್ಲೆಯಲ್ಲಿ, ಹತ್ತು ಜನ ಓಡಾಡುವ ಕಡೆ, ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಾನೆ. ಗುಟ್ಟು ಮುಚ್ಚಿಡಲು ಊರ ನಡುವೆ ಕಲ್ಲು ನೆಟ್ಟು ಬರೆಸುವವರು ಯಾರಿದ್ದಾರೆ?

ಕೆಡಿಸುವವರು ಬರುತ್ತಾರೆ ಎಂಬುದು ಬರೆಸಿದವರಿಗೂ ಗೊತ್ತಿತ್ತು. ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ ಅದಕ್ಕೇ ಇರುವುದು: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎನ್ನುತ್ತದೆ ಅದು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲೂ ದಾನ ಅಳಿದವನಿಗೆ ಮಹಾಪಾತಕ ಎಂಬ ಮಾತಿದೆ. ಅಂದರೆ ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದರಲ್ಲೇ ‘ಇದನ್ನು ಕೆಡಿಸಬೇಡಿ’ ಎಂಬ ಕೋರಿಕೆ ಇದೆ. 1500 ವರ್ಷಗಳ ನಂತರವೂ ಅದನ್ನೇ ಹೇಳುತ್ತಿದ್ದೇನೆ.

ನಿಧಿಯ ಆಸೆಗೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ವ್ಯಾಸರಾಯರ ವೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಕಿತ್ತುಹಾಕಿದರು. ಕೃಷ್ಣದೇವರಾಯ ಗುರುವೆಂದು ಗೌರವಿಸಿದ ಯತಿಯ ವೃಂದಾವನ ಅದು. ಭಕ್ತರು ಓಡಿಬಂದು ಕೂಡಲೇ ಮತ್ತೆ ಕಟ್ಟಿದರು. ಆದರೆ ಹೊಲದ ಬದುವಿನ ವೀರಗಲ್ಲಿಗೆ ಹಾಗೆ ಓಡಿಬರುವ ಭಕ್ತರಿಲ್ಲ. ಅದು ಒಡೆದರೆ ಒಡೆದಂತೆಯೇ.

ಹಾಗಾದರೆ ಕಲ್ಲಿನಲ್ಲಿ ಏನಿರುತ್ತದೆ ಎಂದು ಕೇಳುತ್ತೀರಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ, ಪಾಠ ಮಾಡುವಾಗ ಮಕ್ಕಳಿಗೆ ಇದನ್ನು ಹೇಳದೆ ನಾನು ಬಿಟ್ಟಿದ್ದೇ ಇಲ್ಲ. ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ಹೋರಾಡಿದ. ಅವನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಬೇಡಿಕೋ ಎಂದ. ಹೊನ್ನು ಕೇಳಬಹುದಿತ್ತು, ಊರು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯೂ ಹಂದಿಯೂ ಸೆಣಸುವ ಚಿತ್ರ ಸಮೇತ. ಯಾರಾದರೂ ನಿಧಿಗೆಂದು ಅದನ್ನು ಒಡೆದಿದ್ದರೆ ಕಾಳಿಯ ಹೆಸರು ನಮಗೆ ಎಂದೆಂದಿಗೂ ತಿಳಿಯುತ್ತಿರಲಿಲ್ಲ.

ಹೊಲದ ವಿಚಾರ ಚುಟುಕಾಗಿ ಮುಗಿಸುತ್ತೇನೆ. ಶಾಸನ ಇದೆ ಎಂದ ಮಾತ್ರಕ್ಕೆ ಹೊಲ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಅದಕ್ಕೆ ಸರ್ಕಾರ ಬೇರೆಯಾಗಿ ರಾಜಪತ್ರದಲ್ಲಿ ಪ್ರಕಟಿಸಬೇಕು. ಕೇಂದ್ರದ 1958ರ ಕಾಯ್ದೆಯ ಪ್ರಕಾರ ಮೊದಲು ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು. ಜನ ಹೆದರುವ 100 ಮೀಟರ್, 200 ಮೀಟರ್ ನಿಯಮ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ ಮಾತ್ರ. ಅಗೆಯುವವರಿಗೂ ಕಾನೂನಿದೆ: ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು 1878ರಿಂದಲೇ ಕಾಯ್ದೆ ಇದೆ. ಮುಚ್ಚಿಟ್ಟರೆ ಜೈಲು.

ಈಗ ನೀವು ಮಾಡಬೇಕಾದದ್ದು. ಕಲ್ಲಿಗೆ ಎಣ್ಣೆ ಸುರಿಯಬೇಡಿ, ಪೇಂಟು ಬಳಿಯಬೇಡಿ, ಆಸಿಡ್ ಹಾಕಿ ತೊಳೆಯಬೇಡಿ, ಅಕ್ಷರದ ಗೀರಿನಲ್ಲಿ ಮೊಳೆ ಆಡಿಸಬೇಡಿ. ಮಣ್ಣಿದ್ದರೆ ಬರೀ ನೀರು, ಮೆತ್ತನೆ ಬ್ರಷ್ ಸಾಕು. ಫೋಟೊ ಮಧ್ಯಾಹ್ನ ತೆಗೆಯಬೇಡಿ, ಬಿಸಿಲು ನೇರ ಬಿದ್ದರೆ ಅಕ್ಷರ ಮಾಯವಾಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ತೆಗೆದರೆ ಅಕ್ಷರ ಎದ್ದು ಕಾಣುತ್ತದೆ. ಇಡೀ ಕಲ್ಲಿನದೊಂದು, ಆಮೇಲೆ ನಾಲ್ಕು ನಾಲ್ಕು ಸಾಲಿನವು. ಶಕವರ್ಷ ಕಂಡರೆ 78 ಕೂಡಿಸಿ, ಕ್ರಿಸ್ತಶಕ ಸಿಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು: ನಿಮ್ಮ ಕಲ್ಲನ್ನು ಯಾರಾದರೂ ಆಗಲೇ ಓದಿರಬಹುದು. ಬಿ.ಎಲ್. ರೈಸ್ ಅವರು 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂದು 12 ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು 9 ಸಾವಿರ ಶಾಸನಗಳನ್ನು ಪ್ರಕಟಿಸಿದರು, ತಾಲ್ಲೂಕುವಾರು, ಅಂಕಿ ಹಾಕಿ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಅದರ ಪರಿಷ್ಕೃತ ಆವೃತ್ತಿ ತಂದಿತು. ನಿಮ್ಮ ತಾಲ್ಲೂಕು ಅದರಲ್ಲಿ ಬರುತ್ತದೆ, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ಪುಸ್ತಕದಲ್ಲಿದ್ದರೆ ಕಲ್ಲು ಹೋದರೂ ಪರವಾಗಿಲ್ಲ ಎಂದುಕೊಳ್ಳಬೇಡಿ. ಅಂದು ಮೂಡದ ಅಕ್ಷರ ಇಂದು ಹೊಸ ವಿಧಾನದಲ್ಲಿ ಕಾಣಬಹುದು. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಇದಕ್ಕಾಗಿಯೇ. ಅದಕ್ಕೆ ಕಲ್ಲು ಉಳಿದಿರಬೇಕು.

ಕಲ್ಲು ತನ್ನ ಜಾಗದಲ್ಲೇ ಇರಬೇಕು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಾಮಗಾರಿಗೆ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು, ಕ್ರಿ.ಶ. 750ರ ಸುಮಾರಿನದು. ಅದರಲ್ಲಿ ‘ಪೆರ್ಬೊಳಲ್ ನಾಡು’ ಎಂದಿದೆ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ, ಅದೇ ಇಂದಿನ ಹೆಬ್ಬಾಳ. ಫ್ಲೈಓವರಿನ ಕೆಳಗೆ ದಿನಾ ಓಡಾಡುವ ಹೆಸರಿಗೆ ಹನ್ನೆರಡೂವರೆ ಶತಮಾನದ ವಯಸ್ಸು ಎಂದು ಆ ಕಲ್ಲು ಅಲ್ಲೇ ನಿಂತು ಹೇಳುತ್ತಿದೆ. ಬೇಗೂರಿನ ನಾಗೇಶ್ವರ ಗುಡಿಯಲ್ಲಿ ‘ಬೆಂಗಳೂರು ಕಾಳಗ’ ಎಂದಿರುವ ಕಲ್ಲೂ ಹಾಗೆಯೇ.

ವಿಜಯನಗರ ಕಾಲದಲ್ಲಿ ಊರನ್ನು ದಾನ ಕೊಡುವಾಗ ಅದಕ್ಕೆ ಹೊಸ ಹೆಸರಿಡುವ ಪದ್ಧತಿ ಇತ್ತು. ಇಂಥ ಊರಿಗೆ ‘ಪ್ರತಿನಾಮವಾದ’ ಇಂಥ ಪುರ ಎಂದು ಎರಡೂ ಹೆಸರನ್ನು ಬರೆಸುತ್ತಿದ್ದರು. ಕೊಟ್ಟ ಹೆಸರು ಎಷ್ಟೋ ಕಡೆ ಕಲ್ಲಿನಲ್ಲೇ ಉಳಿದು, ಜನ ಹಳೆಯ ಹೆಸರಿನಿಂದಲೇ ಕರೆದರು. ನಿಮ್ಮ ಕಲ್ಲಿನ ಐದನೆಯ ಸಾಲಿನಲ್ಲಿ ‘ಪ್ರತಿನಾಮ’ ಎಂಬಷ್ಟು ಕಾಣುತ್ತಿದೆ, ಅದರ ಆಚೀಚೆ ಎರಡೂ ಕಡೆ ಸುಣ್ಣದ ಕಲೆ ಬಿದ್ದಿದೆ. ನಿಮ್ಮೂರಿನ ಹಳೆಯ ಹೆಸರೂ ಯಾರೋ ಇಟ್ಟ ಇನ್ನೊಂದು ಹೆಸರೂ ಆ ಕಲೆಯ ಅಡಿಯಲ್ಲಿವೆ. ಕೆರೆಯಬೇಡಿ. ನಾಳೆ ಸಂಜೆ ಐದೂವರೆಗೆ ಬಿಸಿಲು ಓರೆಯಾದಾಗ ಆ ಸಾಲನ್ನು ಹತ್ತಿರದಿಂದ, ಎಡಗಡೆಯಿಂದೊಂದು ಬಲಗಡೆಯಿಂದೊಂದು ತೆಗೆದು ಕಳಿಸಿ. ಓದಿ ಹೇಳುತ್ತೇನೆ.