ದಾಸ್ತಾನು ಮುಗಿದ ಮೇಲೆ ಶುರುವಾಗುವ ಯುದ್ಧ

ಯುದ್ಧದ ಸುದ್ದಿ ಬಂದಾಗ ಜಾಸ್ತಿ ಜನ ನಕ್ಷೆ ನೋಡುತ್ತಾರೆ. ಕಾರ್ಖಾನೆಯ ಉತ್ಪಾದನಾ ಯೋಜನೆಯಲ್ಲೇ ವರ್ಷಗಟ್ಟಲೆ ದುಡಿದ ನನಗೆ ಬೇರೆ ಪ್ರಶ್ನೆ ಹುಟ್ಟುತ್ತದೆ. ಇವರ ಹತ್ತಿರ ಲೋಹ ಕಡೆಯುವ ಯಂತ್ರ, ಅಂದರೆ ಲೇತ್, ಎಷ್ಟಿವೆ? ಅವನ್ನು ನಡೆಸಬಲ್ಲ ಕೈ ಎಷ್ಟಿವೆ? ದಾಸ್ತಾನಿನಲ್ಲಿರುವ ಮದ್ದುಗುಂಡು ಕೆಲವು ತಿಂಗಳಿಗೆ ಖಾಲಿ. ಆಮೇಲೆ ಕಾದಾಡುವುದು ಕಾರ್ಖಾನೆಗಳೇ.

ಒಂದು ಶೆಲ್, ಅಂದರೆ ಫಿರಂಗಿಯಿಂದ ಹಾರಿಸುವ ಸ್ಫೋಟಕ ಗುಂಡು, ತಗೊಳ್ಳಿ. ಉಕ್ಕನ್ನು ಕಾಯಿಸಿ, ಒತ್ತಿ ಆಕಾರಕ್ಕೆ ತರಬೇಕು. ಲೇತ್‌ನಲ್ಲಿ ಕಡೆಯಬೇಕು. ತಾಮ್ರದ ಪಟ್ಟಿ ಕೂರಿಸಬೇಕು, ಸ್ಫೋಟಕ ತುಂಬಬೇಕು, ಅದನ್ನು ಸಿಡಿಸುವ ಫ್ಯೂಸ್ ಹಾಕಬೇಕು. ಹಂತಹಂತಕ್ಕೂ ಗೇಜ್ ಹಿಡಿದು ಅಳೆಯಬೇಕು. ಒಂದು ಕಡೆ ತಡವಾದರೆ ಉಳಿದದ್ದೆಲ್ಲ ರಾಶಿ ಬಿದ್ದು ಕಾಯುತ್ತದೆ. ಸುಮ್ನೆ ದುಡ್ಡು ಮಂಜೂರು ಮಾಡಿದರೆ ಶೆಲ್ ಹುಟ್ಟುವುದಿಲ್ಲ. 2023ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಒಂದು ವರ್ಷದೊಳಗೆ ಉಕ್ರೇನಿಗೆ 10 ಲಕ್ಷ ಶೆಲ್ ಕೊಡುವ ಮಾತು ಕೊಟ್ಟಿತು. ಅಷ್ಟು ಶ್ರೀಮಂತ ದೇಶಗಳು ಸೇರಿಯೂ ಗಡುವಿನೊಳಗೆ ಆಗಲಿಲ್ಲ. ಶೀತಲ ಸಮರ ಮುಗಿದ ಮೇಲೆ ಈ ಕೆಲಸದ ಯಂತ್ರ, ಕೈ ಎರಡನ್ನೂ ಕಡಿಮೆ ಮಾಡಿಕೊಂಡಿದ್ದವಲ್ವಾ!

1915ರಲ್ಲಿ ಬ್ರಿಟನ್ ಇದೇ ಕಷ್ಟಕ್ಕೆ ಸಿಕ್ಕಿತ್ತು. ಶೆಲ್ ಕೊರತೆ ಸರ್ಕಾರವನ್ನೇ ಅಲುಗಾಡಿಸಿತು. ಮದ್ದುಗುಂಡಿಗೆಂದೇ ಹೊಸ ಸಚಿವಾಲಯ ಬಂತು, ಲಾಯ್ಡ್ ಜಾರ್ಜ್ ಅದರ ಹೊಣೆ ಹೊತ್ತರು. ಯಾರು ಎಲ್ಲಿ ದುಡಿಯಬೇಕು ಎನ್ನುವುದರಲ್ಲೂ ಸರ್ಕಾರ ಕೈಹಾಕಿತು. ಕುಡಿತದಿಂದ ಕೆಲಸ ಕೆಡಬಾರದೆಂದು ಹೆಂಡದಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಬೇಕೆಂಬ ಅಂದಿನ ನಿಯಮ ಇಂಗ್ಲೆಂಡಿನಲ್ಲಿ 1988ರವರೆಗೂ ಉಳಿಯಿತು! ಆದಾಯ ತೆರಿಗೆಯ ಸಾಮಾನ್ಯ ದರ ಯುದ್ಧದ ಶುರುವಿನಲ್ಲಿ ಶೇ. 6ರ ಆಸುಪಾಸು ಇತ್ತು, 1918ಕ್ಕೆ ಶೇ. 30 ಆಯಿತು. ಆಮೇಲೆ ಇಳಿಯಿತು, ಆದರೆ ಮೊದಲಿನ ಮಟ್ಟಕ್ಕೆ ಬರಲೇ ಇಲ್ಲ.

ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಶೆಲ್ ಕಾರ್ಖಾನೆಗೆ ಬಂದರು. ಟಿಎನ್‌ಟಿ ಎಂಬ ಸ್ಫೋಟಕ ತುಂಬಿ ತುಂಬಿ ಕೆಲವರ ಚರ್ಮ ಹಳದಿಯಾಯಿತು. ಜನ ಅವರನ್ನು ಹಳದಿ ಬಣ್ಣದ ‘ಕ್ಯಾನರಿ’ ಹಕ್ಕಿಗಳೆಂದು ಕರೆದರು. 1918ರಲ್ಲಿ ಮತದ ಹಕ್ಕು ಸಿಕ್ಕಿದ್ದು 30 ತುಂಬಿದ ಹೆಂಗಸರಿಗೆ, ಅದೂ ಆಸ್ತಿಯ ಷರತ್ತಿನ ಮೇಲೆ. ಆ ಕಾರ್ಖಾನೆಗಳಲ್ಲಿ ದುಡಿದ ಎಷ್ಟೋ ಹುಡುಗಿಯರಿಗೆ ಅಷ್ಟು ವಯಸ್ಸೇ ಆಗಿರಲಿಲ್ಲ. ಗಂಡಸರಷ್ಟೇ ಹಕ್ಕಿಗೆ 1928ರವರೆಗೆ ಕಾಯಬೇಕಾಯಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ಸಾಲದ ಮಾತು. 1914ರಲ್ಲಿ ಜಗತ್ತಿಗೇ ಸಾಲ ಕೊಡುತ್ತಿದ್ದ ಬ್ರಿಟನ್ ಎರಡೂ ಮಹಾಯುದ್ಧ ಗೆದ್ದಿತು, ಸಾಲಗಾರನಾಗಿ ಹೊರಬಂತು. ಯುದ್ಧದ ಹೊತ್ತಿನಲ್ಲೂ ಬ್ರೆಡ್ಡಿಗೆ ಪಡಿತರದ ಮಿತಿ ಇರಲಿಲ್ಲ, ಅದು ಬಂದದ್ದು ಯುದ್ಧ ಗೆದ್ದ ಮೇಲೆ, 1946ರಲ್ಲಿ. ಅದೇ ವರ್ಷ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಗೊಂಡಿತು. ಪೌಂಡನ್ನು ಡಾಲರಿಗೆ ಬದಲಾಯಿಸಲು ಬಿಡಬೇಕೆಂಬ ಷರತ್ತು ಅದರಲ್ಲಿತ್ತು. 1947ರ ಜುಲೈನಲ್ಲಿ ಬಿಟ್ಟರು. ಡಾಲರ್ ಸೋರಿಹೋಗಿ ಐದೇ ವಾರಕ್ಕೆ ನಿಲ್ಲಿಸಬೇಕಾಯಿತು. ಆ ವರ್ಷದ ಫೆಬ್ರುವರಿಯಲ್ಲೇ ಗ್ರೀಸ್, ಟರ್ಕಿಗೆ ಇನ್ನು ನೆರವು ಕೊಡಲಾರೆವು ಎಂದು ಲಂಡನ್ ವಾಷಿಂಗ್ಟನ್‌ಗೆ ತಿಳಿಸಿತ್ತು. ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಆ ಹೊರೆ ಹೊತ್ತರು. ಜಗತ್ತಿನ ಹಿರಿತನ ಕೈ ಬದಲಾಯಿಸಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಈ ಕೆಲವು ವಾರಗಳನ್ನೇ ತೋರಿಸುತ್ತೇನೆ. ಆ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರ್‌ನಲ್ಲಿ.

ಸೋವಿಯತ್ ಕಡೆಯದು ಇನ್ನೊಂದು ಬಗೆ. ಜರ್ಮನಿ ನುಗ್ಗಿ ಬಂದಾಗ, 1941ರಲ್ಲಿ, ಸಾವಿರಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹೇರಿ ಪೂರ್ವಕ್ಕೆ ಸಾಗಿಸಿದರು. ಯಂತ್ರಗಳ ಜೊತೆ ಕೆಲಸಗಾರರೂ ಹೋದರು. ಉಕ್ರೇನಿನ ಖಾರ್ಕಿವ್‌ನಲ್ಲಿದ್ದ ಟ್ಯಾಂಕ್ ಕಾರ್ಖಾನೆ ಹೀಗೆ ಉರಲ್ ಸೀಮೆಯ ನಿಜ್ನಿ ತಗಿಲ್ ಸೇರಿತು. ಯುದ್ಧ ಮುಗಿಯಿತು, ಟ್ಯಾಂಕ್ ಮಾಡುವ ಕಸುಬು ಅಲ್ಲೂ ಬೇರುಬಿಟ್ಟಿತು. ಇವತ್ತಿಗೂ ಅಲ್ಲಿ ಟ್ಯಾಂಕ್ ತಯಾರಾಗುತ್ತದೆ. 2022ರಿಂದ ಉಕ್ರೇನಿನ ಮೇಲೆ ನುಗ್ಗುತ್ತಿರುವ ಟ್ಯಾಂಕ್‌ಗಳಲ್ಲಿ ಆ ಊರಿನವೂ ಇವೆ.